ಟ್ಯಾಂಕಿನಿಂದ ಶುರು ಮಾಡು, ತಮ್ಮ

ಪ್ರಿಯ ತಮ್ಮ,

ನಿನ್ನ ಹೆಸರು ಕೇಳಿಕೊಳ್ಳಲಿಲ್ಲ, ಫೋನ್ ನಂಬರೂ ತೆಗೆದುಕೊಳ್ಳಲಿಲ್ಲ. ಅದಕ್ಕೇ ಹೀಗೆ ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯಬೇಕಾಗಿದೆ. ನೀನು ನನ್ನ ಮಗನ ವಯಸ್ಸಿನವನು. ಅಂದು ನನ್ನನ್ನು ಬಾಯಿತುಂಬ ‘ಅಂಕಲ್’ ಅಂತ ಕರೆದೆ. ಆ ಸಲಿಗೆಯಿಂದಲೇ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹಾಸನ–ಬೇಲೂರು ರಸ್ತೆಯ ಹೋಟೆಲೊಂದರ ಮುಂದೆ ನಿನ್ನ ಫಿಯಟ್ ನಿಂತಿತ್ತು. ಕೆನೆ ಬಣ್ಣದ ಪದ್ಮಿನಿ. ಬಂಪರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುವಷ್ಟು ಹೊಳಪು. ಕಾಫಿ ಲೋಟ ಹಿಡಿದುಕೊಂಡೇ ನಾನೂ ಹತ್ತಿರ ಬಂದೆ. ನೀನು ಬಾನೆಟ್ ಎತ್ತಿ, ‘ಅಂಕಲ್, ಜಿಪ್ಸಿ ಇಂಜಿನ್, ಹದಿನಾರು ವಾಲ್ವು’ ಅಂದೆ. ನಿನ್ನ ಸ್ನೇಹಿತರೆಲ್ಲ ಸುತ್ತ ನಿಂತಿದ್ದರು. ಇಂಜಿನ್ ಕೂರಿಸಿದ ಕೆಲಸ ನಿಜಕ್ಕೂ ಚೆನ್ನಾಗಿತ್ತು. ಮೌಂಟಿಂಗು ನೇರವಾಗಿತ್ತು, ವೈರಿಂಗನ್ನು ಒಪ್ಪವಾಗಿ ಸುತ್ತಿದ್ದೆ. ಆಮೇಲೆ ನನ್ನ ಕಣ್ಣು ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ, ಅಂದರೆ ರೈಲಿಗೆ, ಪೆಟ್ರೋಲ್ ತರುವ ಪೈಪಿನ ಮೇಲೆ ಹೋಯಿತು. ಮಧ್ಯದಲ್ಲಿ ಬೈಕಿಗೆ ಹಾಕುವಂಥ ಒಂದು ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರು. ಅದರ ಎರಡೂ ಬದಿಗೆ ನೀರಿನ ಪೈಪಿಗೆ ಬಿಗಿಯುವ ಹಲ್ಲಿನ ಕ್ಲಿಪ್ಪು. ಪೈಪಿನ ಮೈಮೇಲೆ ಒಂದಕ್ಷರವೂ ಅಚ್ಚಾಗಿರಲಿಲ್ಲ.

ಅಷ್ಟು ಜನರ ಮುಂದೆ ಹೇಳಿದರೆ ನಿನಗೆ ಮುಜುಗರವಾದೀತು ಅಂತ ಸುಮ್ಮನಾದೆ. ‘ಚೆನ್ನಾಗಿದೆ ಕಣಪ್ಪ’ ಅಂದು ಹೊರಟುಬಿಟ್ಟೆ. ಮನೆ ಮುಟ್ಟುವ ಹೊತ್ತಿಗೆ ಆ ಸುಮ್ಮನಿದ್ದದ್ದು ತಪ್ಪು ಅನ್ನಿಸಿತು. ರಾತ್ರಿ ನಿದ್ದೆ ಬರಲಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನಿನ್ನ ಹಾಗೆ ಹಳೆ ಫಿಯಟ್ಟಿಗೆ, ಅಂಬಾಸಿಡರಿಗೆ ಹೊಸ ಇಂಜಿನ್ ಕೂರಿಸುತ್ತಿರುವ ಹುಡುಗರು ಇನ್ನೂ ಇದ್ದಾರೆ. ಅವರೂ ಓದಲಿ.

ಇಂಜಿನ್ ಬದಲಾಯಿಸಿದ್ದಕ್ಕೆ ನಾನು ಬೈಯುವವನಲ್ಲ. ಹಳೆಯ ಗಾಡಿಯ ಹೃದಯ ಕಿತ್ತು ಬೇರೆಯದು ಹಾಕುವುದು ಪಾಪ ಅನ್ನುವವರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಆದರೆ ಅದೇ ಕೆಲಸವನ್ನು ನಿನಗಿಂತ ಮೊದಲು ನಾನೂ ಮಾಡಿದ್ದೇನೆ, ನೀನು ಮಾಡಿದ ತಪ್ಪನ್ನೇ ಮಾಡಿದ್ದೇನೆ.

ನಮ್ಮ ಗಾಡಿ 1976ರದ್ದು. ಅಪ್ಪ ಹೈಸ್ಕೂಲು ಮೇಷ್ಟ್ರು. ಸಕಲೇಶಪುರದ ಕಡೆಯ ಕಾಫಿ ತೋಟದ ರೈಟರೊಬ್ಬರಿಂದ 1985ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡಾಗಿ ತಂದರು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯವರು 1964ರಿಂದ ಫಿಯಟ್ 1100 ಡಿಲೈಟ್ ಅಂತ ತಯಾರಿಸುತ್ತಿದ್ದ ಗಾಡಿಯೇ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ನಮ್ಮೂರಲ್ಲಿ ಆ ಹೆಸರು ಹಿಡಿದವರೇ ಇಲ್ಲ, ಕೊನೆಯವರೆಗೂ ಅದು ‘ಫಿಯಟ್’ ಆಗಿಯೇ ಉಳಿಯಿತು. 1,089 ಸಿಸಿ, ಸುಮಾರು 40 ಅಶ್ವಶಕ್ತಿ, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಅದರಲ್ಲಿ ನಾವು ಐದು ಮಂದಿ, ಮೇಲೆ ಕ್ಯಾರಿಯರ್ ತುಂಬ ಸಾಮಾನು, ವರ್ಷಕ್ಕೊಮ್ಮೆ ಧರ್ಮಸ್ಥಳ.

ಘಾಟಿ ಹತ್ತುವಾಗ ಮಧ್ಯಾಹ್ನವಾದರೆ ಗಾಡಿ ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತಿತ್ತು. ಅಪ್ಪ ಇಳಿದು, ಟವೆಲನ್ನು ನೀರಿನಲ್ಲಿ ಅದ್ದಿ ಪೆಟ್ರೋಲ್ ಪಂಪಿನ ಮೇಲೆ ಸುತ್ತಿ ಕಾಯುತ್ತಿದ್ದರು. ಹತ್ತು ನಿಮಿಷಕ್ಕೆ ಮತ್ತೆ ಸ್ಟಾರ್ಟು. ಚಿಕ್ಕಂದಿನಲ್ಲಿ ಅದು ಗಾಡಿಗೆ ಜ್ವರ ಬಂದಾಗ ಹಾಕುವ ಒದ್ದೆ ಬಟ್ಟೆ ಅಂತಲೇ ತಿಳಿದಿದ್ದೆ. ಮುಂದೆ ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಪಾಠ ಹೇಳುವ ಕೆಲಸ ಸಿಕ್ಕ ಮೇಲೆ, ಆ ಒದ್ದೆ ಟವೆಲಿನಿಂದಲೇ ನನ್ನ ಪಾಠ ಶುರುವಾಗುತ್ತಿತ್ತು. ಇಂಜಿನ್ನಿನ ಮೈಗೆ ಅಂಟಿಕೊಂಡ ಆ ಪಂಪಿನೊಳಗೆ ಒಂದು ಡಯಾಫ್ರಾಮು. ಕ್ಯಾಮ್ ಶಾಫ್ಟು ತಿರುಗಿದಂತೆ ಅದು ಮೇಲೆ ಕೆಳಗೆ ಆಡುತ್ತ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವ ಪೈಪಿನಲ್ಲಿ ಒತ್ತಡ ಕಡಿಮೆ, ಪಕ್ಕದಲ್ಲಿ ಕುದಿಯುವ ಇಂಜಿನ್. ಪೆಟ್ರೋಲು ಅಲ್ಲೇ ಆವಿಯಾಗುತ್ತದೆ. ಆವಿಯನ್ನು ಎಳೆದು ತಳ್ಳುವ ಶಕ್ತಿ ಆ ಪುಟ್ಟ ಪಂಪಿಗಿಲ್ಲ. ವೇಪರ್ ಲಾಕ್ ಅಂತ ಕರೆಯುವುದು ಇದನ್ನೇ.

2008ರ ಹೊತ್ತಿಗೆ ಬ್ಲಾಕು ಬೋರ್ ಮಾಡಿಸಿ ಮಾಡಿಸಿ ಕೊನೆಯ ಸೈಜಿಗೆ ಬಂದಿತ್ತು. ಅಪ್ಪ ತೀರಿಕೊಂಡಿದ್ದರು. ಗಾಡಿ ಮಾರಲು ಮನಸ್ಸು ಬರಲಿಲ್ಲ. ಅಪಘಾತವಾಗಿ ಗುಜರಿಗೆ ಬಂದಿದ್ದ ಜಿಪ್ಸಿಯೊಂದರ ಎಂಪಿಎಫ್‌ಐ ಇಂಜಿನ್ ಸಿಕ್ಕಿತು, ಅಂದರೆ ಕಾರ್ಬರೇಟರಿನ ಬದಲು ಇಂಜೆಕ್ಟರುಗಳಿರುವುದು. ಎಸ್ಟೀಮ್ ಕಾರಿನದ್ದಾದರೆ ಅಡ್ಡಡ್ಡ ಕೂರುವ, ಮುಂದಿನ ಚಕ್ರ ಎಳೆಯುವ ಇಂಜಿನ್. ಜಿಪ್ಸಿಯದ್ದು ಉದ್ದಕ್ಕೆ ಕೂರುತ್ತದೆ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಾಫ್ಟು ಹೊರಡುತ್ತದೆ, ಫಿಯಟ್ಟಿಗೆ ಹೇಳಿ ಮಾಡಿಸಿದ ಹಾಗೆ. 1,298 ಸಿಸಿ, 80 ಅಶ್ವಶಕ್ತಿ. ನಿನಗೂ ಇದೇ ಲೆಕ್ಕಾಚಾರ ಆಗಿರಬೇಕು. ಗ್ಯಾರೇಜಿನವರು ಎರಡು ತಿಂಗಳಲ್ಲಿ ಕೂರಿಸಿಕೊಟ್ಟರು. ಯಾವ ಗ್ಯಾರೇಜು ಅನ್ನುವುದು ಬೇಡ. ಅವರು ಕೈಕೆಲಸದಲ್ಲಿ ಗಟ್ಟಿಗರು, ಆದರೆ ಕಾರ್ಬರೇಟರಿನ ಕಾಲದ ಕೈಯಿಂದ ಇಂಜೆಕ್ಷನ್ನಿನ ಗಾಡಿಗೆ ಪೆಟ್ರೋಲ್ ಲೈನು ಎಳೆದಿದ್ದರು. ಎದುರಿಗೇ ನಿಂತಿದ್ದ ಮೇಷ್ಟ್ರು ನಾನು, ನನಗೂ ಹೊಳೆಯಲಿಲ್ಲ. ಇಂಜಿನ್ ಸ್ಟಾರ್ಟ್ ಆದ ಸಂತೋಷದಲ್ಲಿ ಗಾಡಿಯ ಕೆಳಗೆ ಬಗ್ಗಿ ನೋಡುವುದು ಮರೆತೆ.

ಅದೇ ವರ್ಷ ಡಿಸೆಂಬರಿನಲ್ಲಿ ಅಮ್ಮ, ಹೆಂಡತಿ, ಮಗನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಲು ಶುರು ಮಾಡಿದಾಗ ಟ್ಯಾಂಕಿನಲ್ಲಿ ಕಾಲುಭಾಗ ಪೆಟ್ರೋಲ್ ಇತ್ತು. ಮೊದಲ ಕಡಿದಾದ ತಿರುವಿನಲ್ಲಿ ಇಂಜಿನ್ ಒಮ್ಮೆ ಮುಗ್ಗರಿಸಿತು. ಎರಡನೆಯದರಲ್ಲಿ ಮಿಸ್ಸಿಂಗ್ ಹೊಡೆಯಿತು. ಮೂರನೆಯದರಲ್ಲಿ ಆಫ್ ಆಯಿತು. ಬ್ರೇಕು ಒತ್ತಿ ಗುಡ್ಡದ ಬದಿಗೆ ನಿಲ್ಲಿಸಿದೆ. ಹಿಂದೆ ಕೂತಿದ್ದ ಅಮ್ಮ, ‘ಏನೋ ಇದು, ಪೆಟ್ರೋಲ್ ವಾಸನೆ ಹೊಡೀತಿದೆಯಲ್ಲೋ’ ಅಂದರು.

ಬಾನೆಟ್ ಎತ್ತಿದೆ. ಇಂಜಿನ್ ನಿಂತಿತ್ತು, ಕೀ ಆನ್‌ನಲ್ಲೇ ಇತ್ತು. ಕಾಡಿನ ಆ ಮೌನದಲ್ಲಿ ಗಾಡಿಯ ಹಿಂದಿನಿಂದ ‘ಗುಂಯ್’ ಅಂತ ಪಂಪಿನ ಸದ್ದು ಬರುತ್ತಿತ್ತು. ಇಂಜಿನ್ ಸತ್ತರೂ ಪಂಪು ಓಡುತ್ತಿತ್ತು. ರೈಲಿನ ಹತ್ತಿರ ಕ್ಲಿಪ್ಪು ಕಚ್ಚಿದ ಜಾಗದಲ್ಲಿ ಪೈಪು ಸೀಳಿತ್ತು. ಅಲ್ಲಿಂದ ಪೆಟ್ರೋಲು ಹೊರಬೀಳುತ್ತಿದ್ದದ್ದು ಹನಿಹನಿಯಾಗಿ ಅಲ್ಲ, ಇಸ್ತ್ರಿ ಮಾಡುವವನು ಬಾಯಿಂದ ಬಟ್ಟೆಗೆ ನೀರು ಚಿಮುಕಿಸುತ್ತಾನಲ್ಲ, ಹಾಗೆ ತುಂತುರಾಗಿ. ಅದಕ್ಕೂ ಕಾದ ಎಕ್ಸಾಸ್ಟಿಗೂ ನಾಲ್ಕು ಬೆರಳು ಅಂತರ. ಕೀ ತಿರುಗಿಸಲು ಓಡಿದೆ. ಅಮ್ಮನನ್ನು ಕೆಳಗಿಳಿಸಿದೆ, ಹೆಂಡತಿ ಮಗನನ್ನು ಕರೆದುಕೊಂಡು ದೂರ ಹೋದಳು. ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿಲ್ಲ. ಇದ್ದದ್ದು ಒಂದು ನೀರಿನ ಕ್ಯಾನು, ಪೆಟ್ರೋಲಿನ ಬೆಂಕಿಗೆ ನೀರು ಸುರಿದರೆ ಬೆಂಕಿ ತೇಲಿಕೊಂಡು ಹರಡುತ್ತದೆ. ಬೆಂಕಿ ಹತ್ತಿಕೊಳ್ಳಲಿಲ್ಲ. ಯಾಕೆ ಹತ್ತಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ನಿನ್ನ ಬಾನೆಟ್ಟಿನೊಳಗೆ ಆ ಹಲ್ಲಿನ ಕ್ಲಿಪ್ಪು ಕಂಡ ಕೂಡಲೇ ಕಣ್ಣ ಮುಂದೆ ಬಂದದ್ದು ಆ ತಿರುವು.

ಈಗ ನಿನ್ನ ಗಾಡಿಗೆ ಬರೋಣ. ಹಳೆಯ ಇಂಜಿನ್ನಿಗೂ ಹೊಸದಕ್ಕೂ ಇರುವ ದೊಡ್ಡ ವ್ಯತ್ಯಾಸ ವಾಲ್ವುಗಳ ಲೆಕ್ಕದಲ್ಲಿಲ್ಲ, ಪೆಟ್ರೋಲಿನ ಒತ್ತಡದಲ್ಲಿದೆ. ಕಾರ್ಬರೇಟರಿಗೆ ಪಂಪು ಕೊಡುವುದು ಸುಮಾರು 0.2ರಿಂದ 0.3 ಬಾರ್. ಬೆರಳು ಒತ್ತಿ ಹಿಡಿದರೂ ನಿಲ್ಲುವಷ್ಟು. ಎಂಪಿಎಫ್‌ಐ ಇಂಜೆಕ್ಟರಿಗೆ ಬೇಕಾದದ್ದು ಸುಮಾರು 3 ಬಾರ್, ಅಂದರೆ ಹತ್ತು ಪಟ್ಟು. ನಿನ್ನ ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡಕ್ಕಿಂತ ಹೆಚ್ಚು. ಆ ಒತ್ತಡವನ್ನು ಬೈಕಿನ ಪ್ಲಾಸ್ಟಿಕ್ ಫಿಲ್ಟರಿನ ಮೇಲೆ ಹಾಕಿದ್ದೀಯ. ಕಾರ್ಬರೇಟರಿನ ಬೈಕಿನಲ್ಲಿ ಮೇಲಿನ ಟ್ಯಾಂಕಿನಿಂದ ಪೆಟ್ರೋಲು ತನ್ನ ಭಾರಕ್ಕೇ ಇಳಿಯುತ್ತದೆ; ಆ ಫಿಲ್ಟರು ಹುಟ್ಟಿದ್ದೇ ಅದಕ್ಕೆ.

ಇನ್ನೊಂದು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಕಾರ್ಬರೇಟರಿನೊಳಗೆ ಒಂದು ಪುಟ್ಟ ಬಟ್ಟಲು ಇದೆ, ಫ್ಲೋಟ್ ತೇಲುವ ಜಾಗ. ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲು ಒಂದು ಬದಿಗೆ ಜಾರಿ ಪೈಪಿನ ಬಾಯಿಗೆ ಎರಡು ಗಳಿಗೆ ಗಾಳಿ ಸಿಕ್ಕರೂ, ಬಟ್ಟಲಿನಲ್ಲಿ ಕೂಡಿಟ್ಟದ್ದು ಇಂಜಿನ್ನನ್ನು ಸಾಕುತ್ತದೆ. ಮನೆ ಮೇಲೆ ಸಿಂಟೆಕ್ಸ್ ಇದ್ದರೆ ಬೋರಿನ ಮೋಟರು ಸ್ವಲ್ಪ ಹೊತ್ತು ಗಾಳಿ ಎಳೆದರೂ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದಲ್ಲ, ಹಾಗೆ. ಇಂಜೆಕ್ಷನ್ ಗಾಡಿಗೆ ಆ ಸಿಂಟೆಕ್ಸ್ ಇಲ್ಲ. ಮೋಟರಿನಿಂದ ನೇರ ನಲ್ಲಿಗೆ. ಪಂಪು ಒಂದು ಗುಟುಕು ಗಾಳಿ ನುಂಗಿದರೆ ಒತ್ತಡ ಕುಸಿದು ಇಂಜಿನ್ ಅಲ್ಲೇ ಮುಗ್ಗರಿಸುತ್ತದೆ. ಚಾರ್ಮಾಡಿಯ ಮೂರು ತಿರುವುಗಳಲ್ಲಿ ನನಗಾದದ್ದು ಅದೇ. ಈಚಿನ ಗಾಡಿಗಳಲ್ಲಿ ಪಂಪನ್ನು ಟ್ಯಾಂಕಿನೊಳಗೇ ಮುಳುಗಿಸಿ, ಅದರ ಸುತ್ತ ಪೆಟ್ರೋಲು ಜಾರದಂತೆ ಒಂದು ಗುಂಡಿ ಮಾಡಿರುತ್ತಾರೆ. 1960ರ ದಶಕದಲ್ಲಿ ರೂಪಿಸಿದ ಟ್ಯಾಂಕಿನಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಅದಕ್ಕೆ ಉಪಾಯವಿದೆ. ಒಂದು, ಒಂದೂವರೆ ಲೀಟರು ಹಿಡಿಯುವ ಅಲ್ಯೂಮಿನಿಯಂ ಇಲ್ಲವೇ ಸ್ಟೀಲಿನ ಸರ್ಜ್ ಟ್ಯಾಂಕ್. ನಮ್ಮ ಹುಡುಗರು ‘ಸ್ವರ್ಲ್ ಪಾಟ್’ ಅನ್ನುತ್ತಾರೆ. ಕಡಿಮೆ ಒತ್ತಡದ ಒಂದು ಪಂಪು ದೊಡ್ಡ ಟ್ಯಾಂಕಿನಿಂದ ಪೆಟ್ರೋಲು ತಂದು ಇದನ್ನು ಸದಾ ತುಂಬಿಡುತ್ತದೆ. ಇದರ ತಳದಿಂದ ಹೆಚ್ಚು ಒತ್ತಡದ ಪಂಪು ರೈಲಿಗೆ ತಳ್ಳುತ್ತದೆ. ರೈಲಿನಲ್ಲಿ ಮಿಕ್ಕದ್ದು ಇಲ್ಲಿಗೇ ವಾಪಸು ಬರುತ್ತದೆ, ಇಲ್ಲಿ ಹೆಚ್ಚಾದದ್ದು ಮೇಲಿನ ತೂತಿನಿಂದ ದೊಡ್ಡ ಟ್ಯಾಂಕಿಗೆ. ಹೀಗೆ ನಮ್ಮ ಬಟ್ಟಲು ನಮಗೆ ಮರಳಿ ಸಿಕ್ಕಿತು. ಪಂಪನ್ನು ಆದಷ್ಟು ಹಿಂದೆ, ಆದಷ್ಟು ಕೆಳಗೆ ಕೂರಿಸು. ಈ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೊರಗುತ್ತವೆ. ಅವುಗಳನ್ನು ತಂಪಾಗಿಡುವುದೂ ಒಳಗೆ ಹರಿಯುವ ಪೆಟ್ರೋಲೇ. ಒಣಗಿ ಓಡಿದರೆ ಬೇಗ ಸುಟ್ಟುಹೋಗುತ್ತವೆ. ಒಂದು ಸಂತೋಷದ ಸಂಗತಿ ಹೇಳುತ್ತೇನೆ: ಪಂಪು ಹಿಂದೆ ಇದ್ದು ಪೈಪಿನುದ್ದಕ್ಕೂ ಒತ್ತಡ ಇದ್ದರೆ ಪೆಟ್ರೋಲು ದಾರಿಯಲ್ಲಿ ಆವಿಯಾಗುವುದಿಲ್ಲ. ಅಪ್ಪನ ಒದ್ದೆ ಟವೆಲು ಮತ್ತೆ ಬೇಕಾಗುವುದಿಲ್ಲ. ಈ ಕಾರಣಕ್ಕೇ ಹೊಸ ವ್ಯವಸ್ಥೆಯ ಮೇಲೆ ನನಗೆ ಮನಸಾರೆ ಪ್ರೀತಿ.

ವಾಪಸು ಪೈಪಿನ ಮಾತು ಬಂತು. ಕಾರ್ಬರೇಟರಿನ ಫಿಯಟ್ಟಿಗೆ ಒಂದೇ ಲೈನು, ಹೋಗುವುದು ಮಾತ್ರ. ಇಂಜೆಕ್ಷನ್ನಿಗೆ ಬರುವ ಲೈನೂ ಬೇಕು, ಏಕೆಂದರೆ ರೈಲಿನ ರೆಗ್ಯುಲೇಟರು ಒತ್ತಡ ಕಾಯುವುದೇ ಹೆಚ್ಚಿನದನ್ನು ಹಿಂದಕ್ಕೆ ಬಿಟ್ಟು. ನಮ್ಮ ಗ್ಯಾರೇಜಿನವರು ಈ ವಾಪಸನ್ನು ಟ್ಯಾಂಕಿನ ಗಾಳಿಪೈಪಿಗೆ ಸೇರಿಸಿದ್ದರು. ಹಿಂದಕ್ಕೆ ಹೋಗುವ ದಾರಿ ಇಕ್ಕಟ್ಟಾದರೆ ರೈಲಿನಲ್ಲಿ ಒತ್ತಡ ಏರುತ್ತದೆ, ಗಾಡಿ ಕಪ್ಪು ಹೊಗೆ ಉಗುಳುತ್ತದೆ, ಟ್ಯಾಂಕಿಗೆ ಉಸಿರಾಡಲು ದಾರಿ ಇಲ್ಲದಾಗುತ್ತದೆ. ಎರಡಕ್ಕೂ ಬೇರೆ ಬೇರೆ ದಾರಿ ಇರಲಿ.

ಪೈಪು ಕೊಳ್ಳುವಾಗ ಅಂಗಡಿಯವನ ಮಾತಿಗಿಂತ ಪೈಪಿನ ಮೈಮೇಲಿನ ಅಕ್ಷರವನ್ನು ನಂಬು. ‘ಎಸ್‌ಎಇ ಜೆ30 ಆರ್9’ ಅಂತ ಅಚ್ಚಾಗಿರಬೇಕು. ಆರ್6, ಆರ್7 ಅಂತ ಇರುವವು ಕಾರ್ಬರೇಟರಿನ ಕಡಿಮೆ ಒತ್ತಡದವು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ‘ಎಲ್ಲ ಒಂದೇ ಸಾರ್, ಹೈ ಪ್ರೆಷರ್’ ಅಂತ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವವರೂ ಸಿಗುತ್ತಾರೆ, ಅಕ್ಷರ ಕೇಳಿದರೆ ಒಳಗಿನಿಂದ ಬೇರೆ ರೋಲು ತರುವವರೂ ಸಿಗುತ್ತಾರೆ. ನಿನ್ನ ಕ್ಲಿಪ್ಪಿನ ಹಲ್ಲು ರಬ್ಬರಿನೊಳಗೆ ಇಳಿದು ಕೊಯ್ಯುತ್ತದೆ. ಅಂಚು ಮಡಿಸಿದ, ಸುತ್ತ ಸಮನಾಗಿ ಹಿಡಿಯುವ ಇಂಜೆಕ್ಷನ್ ಕ್ಲಿಪ್ಪು ಬೇರೆಯೇ ಬರುತ್ತದೆ, ಅದನ್ನು ಹಾಕು. ಲೋಹದ ಪೈಪಿನ ತುದಿಗೆ ಒಂದು ಉಬ್ಬು ಮಾಡಿಸಿದ್ದರೆ ರಬ್ಬರು ಜಾರಿ ಬರುವುದಿಲ್ಲ. ಟ್ಯಾಂಕಿನಿಂದ ಬಾನೆಟ್ಟಿನವರೆಗೆ ಸ್ಟೀಲ್ ಪೈಪು ಓಡಿಸು, ರಬ್ಬರು ಎರಡು ತುದಿಯಲ್ಲಿ ಗೇಣುದ್ದ ಇದ್ದರೆ ಸಾಕು. ಬಗ್ಗಿಸಲು ಸುಲಭ ಅಂತ ಕೆಲವರು ಫ್ರಿಜ್ಜಿನ ತಾಮ್ರದ ಪೈಪು ಹಾಕುತ್ತಾರೆ. ಗಾಡಿಯ ನಡುಕಕ್ಕೆ ತಾಮ್ರ ಗಡುಸಾಗಿ ಒಂದು ದಿನ ಬಿರಿಯುತ್ತದೆ. ಶಾಫ್ಟಿನಿಂದ, ಸೈಲೆನ್ಸರಿನಿಂದ ದೂರ ಇರಲಿ. ತಗಡು ದಾಟುವಲ್ಲೆಲ್ಲ ರಬ್ಬರ್ ಬುಷ್ ಇರಲಿ. ಫಿಲ್ಟರು ಎರಡು ಬೇಕು: ಪಂಪಿನ ಮೊದಲು ಒರಟು ಜಾಲರಿಯದು, ಪಂಪಿನ ನಂತರ ಲೋಹದ ಕವಚದ ಇಂಜೆಕ್ಷನ್ ಫಿಲ್ಟರು. ನಿನ್ನ ಆ ಪ್ಲಾಸ್ಟಿಕ್ಕನ್ನು ಈ ಪತ್ರ ಓದಿದ ದಿನವೇ ತೆಗೆದುಬಿಡು. ಬದಲಿ ಸಿಗುವವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ.

ಚಾರ್ಮಾಡಿಯಿಂದ ಟೋ ಮಾಡಿಸಿಕೊಂಡು ಬಂದ ಮೇಲೆ ನಾನು ಮೊದಲು ಮಾಡಿದ್ದು ಟ್ಯಾಂಕು ಇಳಿಸುವ ಕೆಲಸ. ಇಂಜಿನ್ ಕೂರಿಸುವುದಕ್ಕಿಂತ ಮೊದಲೇ ಮಾಡಬೇಕಾಗಿದ್ದದ್ದು. ಪೆಟ್ರೋಲನ್ನೆಲ್ಲ ಬಸಿದು, ಬಾಯಿಗೆ ಕಣ್ಣಿಟ್ಟು ನೋಡಿದೆ. ತಳದಲ್ಲಿ ಬೆಲ್ಲದ ಪಾಕ ಹಿಡಿದ ಹಾಗೆ ಕಂದು ಬಣ್ಣದ ಅಂಟು, ಅದರ ಮೇಲೆ ತುಕ್ಕಿನ ಪುಡಿ. ಎರಡು ವಾರ ಸೋಪಿನ ನೀರು ಹಾಕಿಟ್ಟು, ಹಿಡಿಯಷ್ಟು ನಟ್ಟುಗಳನ್ನು ಒಳಗೆ ಹಾಕಿ, ನಾನೂ ಮಗನೂ ಎರಡು ಬದಿ ಹಿಡಿದು ಅಂಗಳದಲ್ಲಿ ತೊಟ್ಟಿಲು ತೂಗಿದ ಹಾಗೆ ತೂಗಿದೆವು. ಏಳನೆಯ ಸಲ ತೊಳೆದಾಗಲೂ ನೀರು ಚಹಾದ ಬಣ್ಣದಲ್ಲೇ ಬಂತು. ಕಾರ್ಬರೇಟರಿನ ಜೆಟ್ಟು ಕಟ್ಟಿಕೊಂಡರೆ ರಸ್ತೆ ಬದಿಯಲ್ಲಿ ಬಿಚ್ಚಿ ಊದಿಬಿಡಬಹುದು. ಇಂಜೆಕ್ಟರಿನ ತೂತು ಕೂದಲೆಳೆಯಷ್ಟು, ಊದಿದರೆ ಬಿಡುವುದಲ್ಲ.

ಟ್ಯಾಂಕಿಗೆ ಸರ್ಜ್ ಟ್ಯಾಂಕಿನ ಪೈಪು ಬೆಸೆಯಬೇಕಾದರೆ ಅದರಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ ಅಂತ ತಿಳಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಮಹಾ ಅಪಾಯ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇ 1.4ರಿಂದ 7.6ರಷ್ಟು ಇದ್ದರೆ ಕಿಡಿ ತಾಗಿದ ಕೂಡಲೇ ಸಿಡಿಯುತ್ತದೆ. ಬಸಿದಿಟ್ಟ ಟ್ಯಾಂಕಿನೊಳಗೆ ಇರುವುದು ಅಂಥ ಗಾಳಿಯೇ. ಆವಿ ಗಾಳಿಗಿಂತ ಭಾರ. ಗ್ಯಾರೇಜಿನ ಗುಂಡಿಯಲ್ಲಿ, ಮೂಲೆಯಲ್ಲಿ ಇಳಿದು ಕಾದು ಕೂತಿರುತ್ತದೆ. ‘ವಾಸನೆ ಹೋಗಿದೆ ಸಾರ್, ಬೆಸೀತೀನಿ’ ಅನ್ನುವವರ ಕೈಗೆ ಕೊಡಬೇಡ. ಹಬೆಯಲ್ಲಿ ತೊಳೆದು, ಆವಿ ಇಲ್ಲವೆಂದು ಖಚಿತಪಡಿಸಿಕೊಂಡು ಬೆಸೆಯುವ ಅನುಭವಸ್ಥರ ಹತ್ತಿರವೇ ಹೋಗು. ಅಂಥವರು ಸಿಗದಿದ್ದರೆ ಹೊಸ ಟ್ಯಾಂಕೇ ಮಾಡಿಸು.

ವೈರಿಂಗನ್ನು ಚೆನ್ನಾಗಿ ಮಾಡಿದ್ದೀಯ ಅಂದೆ. ಆದರೆ ನಿನ್ನ ಪಂಪಿನ ವೈರು ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಕಾಣಲಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡಿಕೋ. ಕೀ ಆನ್ ಮಾಡು, ಸೆಲ್ಫ್ ಹೊಡೆಯಬೇಡ. ಪಂಪು ಎರಡು ಮೂರು ಸೆಕೆಂಡು ಓಡಿ ತಾನಾಗಿ ನಿಂತರೆ ಸರಿ, ಅದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರು, ಹೇಳಿದ ಹಾಗೆ ಕೇಳುತ್ತಿದೆ. ಇಂಜಿನ್ ತಿರುಗುತ್ತಿದೆ ಅಂತ ತಿಳಿದರೆ ಮಾತ್ರ ಇಸಿಯು ಪಂಪಿನ ರಿಲೇಯನ್ನು ಹಿಡಿದಿಡುತ್ತದೆ. ನಿಲ್ಲದೆ ಓಡುತ್ತಲೇ ಇದ್ದರೆ ನಿನ್ನ ಪಂಪು ನೇರ ಕೀಯಿಂದ ಕರೆಂಟು ತೆಗೆದುಕೊಳ್ಳುತ್ತಿದೆ, ನನ್ನದರ ಹಾಗೆ. ಗಾಡಿ ಎಲ್ಲಾದರೂ ಗುದ್ದಿ, ಪೈಪು ಹರಿದು, ನಿನಗೆ ಎಚ್ಚರ ತಪ್ಪಿದ್ದರೆ ಕೀ ತಿರುಗಿಸುವವರು ಯಾರು? ಆ ಪಂಪು ಟ್ಯಾಂಕು ಬರಿದಾಗುವವರೆಗೆ ತಳ್ಳುತ್ತಲೇ ಇರುತ್ತದೆ. ಇಸಿಯು ಮೂಲಕ ರಿಲೇ, ಅದಕ್ಕೆ ಪ್ರತ್ಯೇಕ ಫ್ಯೂಸು, ಜೊತೆಗೆ ಗುದ್ದಿದ ಏಟಿಗೆ ಲೈನು ಕಡಿಯುವ ಇನರ್ಷಿಯಾ ಸ್ವಿಚ್ಚು. ಹಳೆ ಕಾರುಗಳ ಗುಜರಿಯಲ್ಲಿ ಹುಡುಕಿದರೆ ಅದು ಸಿಗುತ್ತದೆ. ನಾನು ಹಾಕಿದ ಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ ಪಂಪು ನಿಂತದ್ದನ್ನು ಕಿವಿಯಾರೆ ಕೇಳಿಯೇ ಒಳಗೆ ಹೋದೆ.

ನಾನು ಲೈನು ಎಳೆಸಿದ ಕಾಲಕ್ಕೂ ಈಗಿನ ಕಾಲಕ್ಕೂ ಪೆಟ್ರೋಲೇ ಬದಲಾಗಿದೆ. 2023ರ ಫೆಬ್ರವರಿ 6ರಂದು ಪ್ರಧಾನಿ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಕಬ್ಬು ಬೆಳೆಯುವ ರೈತನಿಗೆ ಅದರಿಂದ ಒಳ್ಳೆಯದಾದರೆ ನನಗೆ ಸಂತೋಷ. ಆದರೆ ಪದ್ಮಿನಿ ಹುಟ್ಟಿದಾಗ ಯಾರೂ ಅದರ ರಬ್ಬರನ್ನು ಎಥನಾಲಿಗೆ ಅಂತ ಮಾಡಿರಲಿಲ್ಲ. ಹಳೆಯ ಹೋಸು, ಡಯಾಫ್ರಾಮು, ವಾಷರು ಉಬ್ಬಿ ಮೆತ್ತಗಾಗಿ ಆಮೇಲೆ ಬಿರಿಯುತ್ತವೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮೂರು ತಿಂಗಳು ಗಾಡಿ ನಿಲ್ಲಿಸಿದರೆ ಆ ನೀರು ತಳಕ್ಕಿಳಿದು ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ. ಹಳೆ ಟ್ಯಾಂಕಿನ ಅಂಟನ್ನೂ ಅದು ಸಡಿಲಿಸಿ ಮುಂದಕ್ಕೆ ಕಳಿಸುತ್ತದೆ. ಹಾಗಾಗಿ ಇ20 ಹಾಕಿಸಲು ಶುರು ಮಾಡಿದ ಮೇಲೆ ಮೊದಲ ಎರಡು ಸಲ ಫಿಲ್ಟರನ್ನು ಬೇಗ ಬದಲಾಯಿಸು. ಆರ್9 ಪೈಪಿನ ಒಳಪದರ ಎಥನಾಲನ್ನು ತಡೆಯುತ್ತದೆ, ಅದಕ್ಕೂ ಅದೇ ಬೇಕು. ಇಷ್ಟರ ನಡುವೆ ನಿನ್ನ ಹೊಸ ಇಂಜಿನ್ನಿಗೆ ಒಂದು ಅನುಕೂಲವಿದೆ: ಎಕ್ಸಾಸ್ಟಿನಲ್ಲಿ ಆಕ್ಸಿಜನ್ ಸೆನ್ಸರ್ ಇದ್ದರೆ ಇಸಿಯು ಪೆಟ್ರೋಲಿನ ಅಳತೆಯನ್ನು ತಕ್ಕಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬರೇಟರಿಗಾದರೆ ಜೆಟ್ ಬದಲಾಯಿಸಬೇಕು. ಸೆನ್ಸರನ್ನು ‘ಬೇಡ’ ಅಂತ ಕಿತ್ತುಹಾಕಿದ್ದರೆ ಮತ್ತೆ ಹಾಕಿಸು.

ಬ್ರೇಕಿನ ವಿಷಯ ಒಂದೇ ಮಾತು: ಶಕ್ತಿ ಎರಡು ಪಟ್ಟಾಗಿದೆ, ಡ್ರಮ್ಮು ಅದೇ ಹಳೆಯದು. ಅದನ್ನೂ ನೋಡಿಸು.

ಕಾಗದದ ವಿಷಯವನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಯಲ್ಲಿ ಇರುವುದಕ್ಕೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಾಡು ಮಾಡುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಇಂಜಿನ್ ನಂಬರು ಬೇರೆ ಇದ್ದು ಏನಾದರೂ ಆದರೆ ಇನ್ಶೂರೆನ್ಸಿನವರು ಕೈಯೆತ್ತಲು ಅದೊಂದೇ ಸಾಕು. ನಿನ್ನ ಗಾಡಿಯಿಂದ ಇನ್ನೊಬ್ಬರಿಗೆ ಪೆಟ್ಟಾದರೆ ಆ ಹೊರೆ ನಿನ್ನ ತಲೆಗೆ. ಗಾಡಿಯನ್ನು ಮತ್ತೆ ರಸ್ತೆಗಿಳಿಸುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಮುಖತಃ ಕೇಳು. ಏಜೆಂಟಿನ ಕೈಗೆ ಕೊಟ್ಟು ಸುಮ್ಮನಾಗಬೇಡ. ನಾನು ಆ ಕೆಲಸ ತಡವಾಗಿ ಮಾಡಿದೆ, ಬಹಳ ಓಡಾಡಿದೆ.

ಇನ್ನು ನನ್ನ ಸ್ನೇಹಿತರ ಮಾತಿನ ಹುರುಳು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗದ ಗಾಡಿಗೆ ‘ವಿಎ’ ಅಕ್ಷರದ ಬೇರೆ ನಂಬರ್ ಪ್ಲೇಟು ಸಿಗುತ್ತದೆ. 1976ರ ನಮ್ಮ ಗಾಡಿಗೆ 2026ಕ್ಕೆ 50 ತುಂಬುತ್ತದೆ. ಜಿಪ್ಸಿಯ ಇಂಜಿನ್ ಇರುವವರೆಗೆ ಅದಕ್ಕೆ ಆ ಮರ್ಯಾದೆ ಇಲ್ಲ. ಮುಂಬಯಿಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಇನ್ನು ಉಳಿದಿರುವುದು ನಮ್ಮಂಥವರ ಶೆಡ್ಡಿನಲ್ಲಿರುವವು ಮಾತ್ರ, ಅವುಗಳಲ್ಲಿ ಹುಟ್ಟಿದ ಇಂಜಿನ್ನಿನೊಡನೆ ಇರುವವು ಇನ್ನೂ ಕಡಿಮೆ.

ಅದಕ್ಕೇ ಕೈಮುಗಿದು ಕೇಳುತ್ತೇನೆ: ನಿನ್ನ ಗಾಡಿಯ ಹಳೆ ಇಂಜಿನ್ನನ್ನು ಗುಜರಿಗೆ ಹಾಕಿಲ್ಲ ತಾನೆ? ಹಾಕಿದ್ದರೆ ಇವತ್ತೇ ಹೋಗಿ ವಾಪಸು ತಾ. ಗಾಡಿಯ ಮೈಯಲ್ಲಿ ಕಡಿದು ಬೆಸೆದು ಮಾಡುವ ಕೆಲಸ ಇನ್ನು ಮುಂದೆ ಬೇಡ, ಎಲ್ಲ ಬೋಲ್ಟಿನಲ್ಲಿ ನಿಲ್ಲಲಿ. ಸರ್ಜ್ ಟ್ಯಾಂಕು, ಪಂಪು, ಹೊಸ ಪೈಪು ಒಂದು ಚೌಕಟ್ಟಿಗೆ ಕೂರಿಸಿದರೆ ಒಂದು ದಿನದಲ್ಲಿ ಬಿಚ್ಚಿ ತೆಗೆಯಬಹುದು. ಮುಂದೆ ಯಾರಾದರೂ ಅದನ್ನು ಮತ್ತೆ ಫಿಯಟ್ಟಾಗಿಯೇ ನೋಡಬೇಕು ಅಂತ ಆಸೆಪಟ್ಟರೆ ದಾರಿ ಇರಲಿ. ನಮ್ಮ ಹಳೆ ಇಂಜಿನ್ ಕೊಟ್ಟಿಗೆಯಲ್ಲಿ ಅಟ್ಟಣೆಯ ಮೇಲಿದೆ. ಸಿಲಿಂಡರಿಗೆ ಎಣ್ಣೆ ಬಿಟ್ಟು, ಬಾಯಿಗಳಿಗೆ ಬಟ್ಟೆ ತುರುಕಿ, ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಪಂಪೂ ಅದರ ಮೈಗೇ ಇದೆ. ಯುಗಾದಿಗೊಮ್ಮೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ ಇಡುತ್ತೇನೆ. ಸ್ಲೀವು ಹಾಕಿಸಿ ಮತ್ತೆ ಸ್ಟ್ಯಾಂಡರ್ಡ್ ಸೈಜಿಗೆ ತರಬಹುದು ಅಂತ ಲೇತಿನವರು ಹೇಳಿದ್ದಾರೆ. ಮಗ ಕೂಡ ಅದೇ ಹೇಳುತ್ತಿದ್ದಾನೆ. ನನ್ನ ಮನಸ್ಸು ಇನ್ನೂ ತೂಗುತ್ತಿದೆ.

ಲೈನೆಲ್ಲ ಹೊಸದಾದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಬ್ಬನೇ ಇರಬೇಡ. ಬೆಂಕಿ ಆರಿಸುವ, ಪುಡಿ ತುಂಬಿದ ಸಿಲಿಂಡರು ಕೈಗೆಟಕುವಲ್ಲಿ ಇರಲಿ. ಕೀಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿ ಲೈನು ತುಂಬಿಸು. ಪ್ರತಿ ಜಾಯಿಂಟಿನ ಕೆಳಗೆ ಒಣ ಕಾಗದ ಹಿಡಿದು ನೋಡು, ಹನಿ ಇದ್ದರೆ ಕಾಗದ ಹೇಳುತ್ತದೆ. ಗೇಜು ಹಾಕಿ ಒತ್ತಡ ನೋಡು. ಅದಾದ ಮೇಲೆ ಸೆಲ್ಫ್ ಹೊಡೆ. ಅರ್ಧ ಗಂಟೆ ಓಡಿಸಿ, ಬಿಸಿ ಇರುವಾಗಲೇ ಮತ್ತೊಮ್ಮೆ ಕಾಗದ ಹಿಡಿ.

ನಾನೀಗ ರಿಟೈರ್ಡ್, ಬೇಕಾದಷ್ಟು ಪುರುಸೊತ್ತಿದೆ. ಇದನ್ನು ಓದಿದರೆ ಬೇಲೂರು ರಸ್ತೆಯ ಆ ಹೋಟೆಲಿನವರ ಹತ್ತಿರ ನಿನ್ನ ನಂಬರು ಕೊಟ್ಟು ಹೋಗು, ನಾನು ಪ್ರತಿ ಭಾನುವಾರ ಅಲ್ಲಿ ಕಾಫಿಗೆ ಬರುತ್ತೇನೆ. ಹೋದ ವರ್ಷ ನಮ್ಮ ಗಾಡಿಗೆ ಪೈಪು ಬದಲಾಯಿಸಿದಾಗ ಆರ್9 ಒಂದೂವರೆ ಮೀಟರು ಉಳಿಯಿತು, ಅಂಚು ಮಡಿಸಿದ ಎಂಟು ಕ್ಲಿಪ್ಪೂ ಇವೆ. ಡಿಕ್ಕಿಯಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೇನೆ. ರೈಲಿನ ಕಡೆಗೂ ಪಂಪಿನ ಕಡೆಗೂ ಸೇರಿ ನಿನಗೆ ಅಷ್ಟು ಸಾಕಾಗುತ್ತದೆ.

ಇಂತಿ,
ಅಂದು ಕಾಫಿ ಲೋಟ ಹಿಡಿದು ಸುಮ್ಮನೆ ನಿಂತಿದ್ದ ಅಂಕಲ್